ತೊಳೆದಿಟ್ಟ ಗಡಿಗೆ

ಬಸ್ಸು ಹೊನ್ನಾಳಿ ದಾಟುವಾಗ ನನ್ನ ಮಡಿಲಲ್ಲಿದ್ದ ತಂಬಿಗೆ ಉಕ್ಕಿತು. ಬಾಯಿಗೆ ಕಟ್ಟಿದ್ದ ಬಟ್ಟೆ ಉಬ್ಬಿ, ಅಂಚಿನಿಂದ ಬಿಳಿ ನೊರೆ ಇಳಿದು ಸೀರೆ ಒದ್ದೆಯಾಯಿತು. ಹುಳಿ ವಾಸನೆ ನಾಲ್ಕು ಸೀಟಿಗೆ ಹರಡಿತು. ಪಕ್ಕದಲ್ಲಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದು, "ಏನಜ್ಜಿ ಇದು, ಹೆಂಡ ಏನಾರ ಒಯ್ತಿದೀರಾ?" ಎಂದಳು.

"ಅಂಬಲಿ ಹುಳಿ," ಎಂದೆ.

"ಬಿಸಿಲಿಗೆ ಕೆಟ್ಟೈತೆ ಅದು. ಕಿಟಕಿಯಿಂದ ಚೆಲ್ಲಿಬಿಡ್ರಿ."

"ಕೆಟ್ಟಿಲ್ಲ. ಉಸಿರಾಡಾಕೆ ಹತ್ತೈತೆ, ಅಷ್ಟೇ."

ಅವಳು ಆ ಕಡೆ ಮುಖ ತಿರುಗಿಸಿದಳು. ನಾನು ಸೆರಗಿನಿಂದ ನೊರೆ ಒರೆಸಿದೆ. ಕೈ ಮೂಸಿದೆ. ನಾಲ್ಕು ವರ್ಷದ ಹಿಂದಿನ ಆ ಬೇಸಿಗೆಯೂ ಅದರ ಹಿಂದೆ ಬಂದ ಮಳೆಗಾಲವೂ ಆ ಒಂದು ವಾಸನೆಯಲ್ಲೇ ಇದ್ದವು.

ಆ ಬೇಸಿಗೆ ನನ್ನ ಮೊಮ್ಮಗಳು ನೇತ್ರಾ ಮೈಸೂರಿನ ಲ್ಯಾಬಿನಿಂದ ಜಗಳೂರಿಗೆ ಬಂದಿದ್ದಳು. ಎರಡು ಜೊತೆ ಬಟ್ಟೆ, ಉಳಿದಂತೆ ಚೀಲದ ತುಂಬ ಬೆರಳುದ್ದದ ಪ್ಲಾಸ್ಟಿಕ್ ಕೊಳವೆಗಳು, ಒಂದು ಐಸ್ ಡಬ್ಬ. ಅವಳು ಸಂಶೋಧನೆ ಮಾಡುತ್ತಿದ್ದದ್ದು ಯೀಸ್ಟಿನ ಮೇಲೆ. ಬ್ರೆಡ್ಡು ಉಬ್ಬಿಸುವ, ಹಿಟ್ಟಿನಲ್ಲಿ ನೊರೆ ಏಳಿಸುವ ಜೀವ, ಬರಿಗಣ್ಣಿಗೆ ಕಾಣುವುದಿಲ್ಲ. ಓದು ಮುಗಿಸಿದಾಗಿನಿಂದ ಅದರ ಹಿಂದೆಯೇ ಬಿದ್ದಿದ್ದಳು. ಓಣಿಯವರು, "ಮೊಮ್ಮಗಳು ಡಾಕ್ಟರ್ ಆಗ್ತಾಳಂತಲ್ಲ ತಿಪ್ಪಮ್ಮ, ನನ್ನ ಮಂಡಿ ನೋವಿಗೆ ಏನಾರ ಬರ್ಕೊಡ್ತಾಳೇನು?" ಎಂದು ಕೇಳುತ್ತಿದ್ದರು. "ನಿಮ್ಮನೆ ಹಿಟ್ಟಿಗೆ ಮಂಡಿ ನೋವು ಬಂದ್ರೆ ಹೇಳ್ರಿ, ನೋಡ್ತಾಳೆ" ಎನ್ನುತ್ತಿದ್ದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಅವಳು ಹೇಳಿದ್ದು ನನಗೆ ತಿಳಿಯುತ್ತಿತ್ತು, ಯಾಕೆಂದರೆ ಅವರ ಶಾಸ್ತ್ರದ ಮಾತು ಅರ್ಧ ಹೆರಿಗೆ ಮನೆಯ ಮಾತು. ಯೀಸ್ಟಿನ ಒಂದು ಕಣಕ್ಕೆ ತಾಯಿ ಅನ್ನುತ್ತಾರೆ. ಅದರ ಮೈಯಿಂದ ಮೊಗ್ಗು ಏಳುತ್ತದೆ, ದೊಡ್ಡದಾಗಿ ಕಳಚಿಕೊಳ್ಳುತ್ತದೆ, ಅದು ಮಗಳು. ಕಳಚಿದ ಜಾಗದಲ್ಲಿ ತಾಯಿಗೆ ಒಂದು ಕಲೆ ಉಳಿಯುತ್ತದೆ.

"ಕಲೆ ಎಣಿಸಿದ್ರೆ ಎಷ್ಟು ಹೆತ್ತಾಳೆ ಅಂತ ಹೇಳಬೌದು ಅಜ್ಜಿ."

"ನಮಗೂ ಅಷ್ಟೇ. ಎಣಿಸೋರು ಇಲ್ಲ."

ತಾಯಿ ಹೆತ್ತು ಹೆತ್ತು ಮುದಿಯಾಗಿದ್ದರೂ ಮಗಳು ಮಾತ್ರ ಎಳೆಯದಾಗಿ ಹುಟ್ಟುತ್ತದೆ. ಮೈಯೊಳಗೆ ಮುರಿದದ್ದು, ಕೆಟ್ಟದ್ದು ಏನಿದೆಯೋ ಅದನ್ನೆಲ್ಲ ತಾಯಿ ತನ್ನ ಕಡೆಯೇ ಹಿಡಿದಿಟ್ಟುಕೊಂಡು ಮಗಳನ್ನು ಕಳಿಸುತ್ತದಂತೆ. ಅದು ಹೇಗೆ ಎನ್ನುವುದೇ ನೇತ್ರಾಳ ಕೆಲಸ. ಸೆಖೆ ಹೆಚ್ಚಾದರೆ ಆ ಹಿಡಿತ ತಪ್ಪುತ್ತದೆ. ಲ್ಯಾಬಿನಲ್ಲಿ ಮುದ್ದು ಮಾಡಿ ಸಾಕಿದ ಯೀಸ್ಟು ಬೇಗ ಸೋಲುತ್ತದೆ. ಏಪ್ರಿಲ್ ತಿಂಗಳಲ್ಲಿ ಜಗಳೂರಿನ ಅಡುಗೆಮನೆಯ ಮೂಲೆಯಲ್ಲಿ ಬದುಕುವ ಯೀಸ್ಟು ಯಾಕೆ ಸೋಲುವುದಿಲ್ಲ? ಇದನ್ನು ನೋಡಲು ಅವಳಿಗೆ ಜಗಳೂರು, ಹೊನ್ನಾಳಿ, ನ್ಯಾಮತಿ, ಚನ್ನಗಿರಿ ತಾಲ್ಲೂಕುಗಳ ನಲವತ್ತು ಮನೆಗಳ ಅಂಬಲಿ ಹುಳಿ ಬೇಕಿತ್ತು.

ಈಗಿನವರಿಗೆ ಅಂಬಲಿ ಗಡಿಗೆ ಗೊತ್ತಿರಲಾರದು. ಜೋಳದ ಹಿಟ್ಟನ್ನು ನೀರಿನಲ್ಲಿ ಕದಡಿ ಗಡಿಗೆಗೆ ಹೊಯ್ದಿಟ್ಟರೆ ಬೆಳಗ್ಗೆ ಹುಳಿ ಬಂದಿರುತ್ತದೆ. ಅದನ್ನು ತೆಗೆದು ಕುದಿಸಿ ಕುಡಿಯುವುದು. ಆದರೆ ಎಲ್ಲವನ್ನೂ ತೆಗೆಯಬಾರದು; ತಳದಲ್ಲಿ ಒಂದು ಸೌಟು ಬಿಡಬೇಕು. ಆ ಒಂದು ಸೌಟಿನಿಂದಲೇ ನಾಳೆಯದು ಹುಳಿಯಾಗಬೇಕು. ಗಡಿಗೆಯನ್ನು ಎಂದಿಗೂ ಪೂರ್ತಿ ತೊಳೆಯುವಂತಿಲ್ಲ. ಹೀಗೆ ವರ್ಷಗಟ್ಟಲೆ.

ಮೊದಲ ಕೊಳವೆ ನಮ್ಮ ಮನೆಯದೇ. ಒಂದನೇ ನಂಬರು ಎಂದು ಚೀಟಿ ಅಂಟಿಸಿ, ಅವಳು ಒಂದು ಫಾರಂ ತೆಗೆದಳು. ಹೆಸರು, ಊರು, ಯಾವ ಹಿಟ್ಟು. ಕೊನೆಗೆ, "ಈ ಹುಳಿ ನಿಮಗೆ ಯಾರಿಂದ ಬಂತು?"

"ನಮ್ಮತ್ತೆಯಿಂದ," ಎಂದೆ. "ಅವಳಿಗೆ ಅವಳತ್ತೆಯಿಂದ. ಸೊಕ್ಕೆಯದು."

ಅವಳು ಬರೆದುಕೊಂಡಳು. ಅದು ಸುಳ್ಳು. ಐವತ್ತಕ್ಕೂ ಹೆಚ್ಚು ವರ್ಷ ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿದ್ದ ಸುಳ್ಳು.

ನಿಜ ಇದು. ನಾನು ಹುಟ್ಟಿದ್ದು ಬಸವಾಪಟ್ಟಣದಲ್ಲಿ. ನಾಲೆ ನೀರು, ಭತ್ತದ ಗದ್ದೆ, ಮೂರು ಹೊತ್ತೂ ಅನ್ನ. ನಮ್ಮ ಮನೆಯಲ್ಲಿ ಹುಳಿ ಗಡಿಗೆ ಇರಲಿಲ್ಲ. ಹದಿನೇಳಕ್ಕೆ ಮದುವೆಯಾಗಿ ಸೊಕ್ಕೆಗೆ ಬಂದೆ. ಬಂದ ಎರಡನೇ ತಿಂಗಳು ನಮ್ಮತ್ತೆ ಮಗಳ ಬಾಣಂತನಕ್ಕೆಂದು ಹೊನ್ನಾಳಿಗೆ ಹೊರಟಳು. "ಅಡುಗೆಮನೆ ಚೊಕ್ಕ ಇಟ್ಟಿರು" ಎಂದಳು. ಇಟ್ಟೆ. ಮೂಲೆಯ ಗಡಿಗೆಯ ತಳದಲ್ಲಿ ನಾರುವ ಗಸಿ ಕಂಡಿತು. ಚೆಲ್ಲಿ, ಬೂದಿ ಹಾಕಿ ತಿಕ್ಕಿ, ಕುದಿಯುವ ನೀರು ಹೊಯ್ದು ತೊಳೆದು, ಹಿತ್ತಲಲ್ಲಿ ಬಿಸಿಲಿಗೆ ಬೋರಲು ಹಾಕಿದೆ. ಅಷ್ಟು ಶ್ರದ್ಧೆಯಿಂದ ಆ ಮನೆಯಲ್ಲಿ ನಾನು ಬೇರೆ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಹಿತ್ತಲಲ್ಲಿ ಶೇಂಗಾ ಬಿಡಿಸಲು ಬಂದಿದ್ದ ದುರುಗಮ್ಮ ಅದನ್ನು ನೋಡಿ ಕೈಯಲ್ಲಿದ್ದ ಕಾಯಿ ಕೆಳಗೆ ಹಾಕಿದಳು. ಅವಳು ಹೊರಕೇರಿಯವಳು, ನಮ್ಮ ಮನೆಯೊಳಗೆ ಕಾಲಿಡುವಂತಿರಲಿಲ್ಲ. ನನ್ನದೇ ವಯಸ್ಸು, ತುಂಬಿದ ಬಸುರಿ.

"ಏನ್ರಮ್ಮ, ಹುಳಿ ಗಡಿಗೆ ತೊಳೆದೀರಲ್ಲ!"

"ಕೊಳೆಯಾಗಿತ್ತು."

"ಕೊಳೆ ಅಲ್ರೀ ಅದು, ಮೂರು ತಲೆಮಾರಿನ ಹುಳಿ! ನಿಮ್ಮತ್ತೆ ಬಂದ್ರೆ ನಿಮ್ಮನ್ನ ಬಸವಾಪಟ್ಟಣದ ಗಂಟ ನಡೆಸ್ಕೊಂಡೇ ಕಳಿಸ್ತಾಳೆ ನೋಡ್ರಿ!" ಎಂದು ನಕ್ಕಳು. ನಾನು ಅಳುವುದು ಕಂಡು ನಗು ನಿಲ್ಲಿಸಿ ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಸೆರಗಿನಡಿಯಲ್ಲಿ ತಂಬಿಗೆ ಮುಚ್ಚಿಕೊಂಡು ಬಂದು, ಬೇಲಿಯ ಆಚೆ ನಿಂತೇ ನನ್ನ ಗಡಿಗೆಗೆ ತನ್ನ ಮನೆಯ ಹುಳಿ ಹೊಯ್ದಳು. "ಹಿಟ್ಟು ಕದಡಿ ಹಾಕ್ರಿ. ನೀವೂ ನೋಡಿಲ್ಲ, ನಾನೂ ಕೊಟ್ಟಿಲ್ಲ."

ಒಂದೂವರೆ ತಿಂಗಳ ಮೇಲೆ ಅತ್ತೆ ಬಂದಳು. ಅಂಬಲಿ ಕುಡಿದು, "ನನ್ನ ಕೈಗಿಂತ ನಿನ್ನ ಕೈಗೇ ಹುಳಿ ಹೊಂದೈತೆ ನೋಡು" ಎಂದು ಓಣಿಯವರಿಗೆಲ್ಲ ಹೇಳಿಕೊಂಡು ತಿರುಗಿದಳು. ಕೊನೆತನಕ ಆ ಹುಳಿಯನ್ನೇ ಉಂಡು ಅವಳು ಸತ್ತಳು, ಗಂಡ ಸತ್ತ, ಮಗ ಬಸವರಾಜ ಬೆಳೆದ. ಆಮೇಲೆ ನಾವು ಸೊಕ್ಕೆ ಬಿಟ್ಟು ಜಗಳೂರಿಗೆ ಬಂದಾಗ ಗಡಿಗೆಯೂ ಬಂತು.

ಈಗ ಆ ಬೇಸಿಗೆಗೆ ಬರುತ್ತೇನೆ. ನಾನೂ ನೇತ್ರಾಳೂ ಬೆಳಗ್ಗೆ ಬಸ್ಸು ಹಿಡಿದು ಊರೂರು ತಿರುಗಿದೆವು. ಕೊಳವೆ ಹಿಡಿದು ಒಂಟಿ ಹುಡುಗಿ ಅಡುಗೆಮನೆಗೆ ನುಗ್ಗಿದರೆ ಯಾರು ಬಿಡುತ್ತಾರೆ? ನಾನು ಮುಂದೆ, ಅವಳು ಹಿಂದೆ. ಬಿಸಿಲಿಗೆ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಬಸವಾಪಟ್ಟಣದಲ್ಲಿ ನನ್ನ ಸೋದರತ್ತೆಯ ಮಗಳೇ, "ಫ್ರಿಜ್ ಬಂದ ಮ್ಯಾಲೆ ಹುಳಿ ಯಾರು ಇಡ್ತಾರೆ ತಿಪ್ಪಿ, ನೀನಿನ್ನೂ ಅದನ್ನ ಕುಡೀತೀಯಾ?" ಎಂದು ಹೀಯಾಳಿಸಿದಳು. ಹೊನ್ನಾಳಿಯಲ್ಲಿ ಒಬ್ಬಳು ಗಡಿಗೆಗೆ ಬೇಕರಿಯ ಪುಡಿ ಹಾಕಿದ್ದನ್ನು ನೇತ್ರಾ ಮೂಸಿಯೇ ಹೇಳಿಬಿಟ್ಟಳು. "ಅಯ್ಯಯ್ಯಪ್ಪ, ಪೊಲೀಸ್ ನಾಯಿ ಇದ್ದಂಗೆ ಐತೆ ನಿಮ್ಮ ಹುಡುಗಿ" ಎಂದು ಆ ಹೆಂಗಸು ಬಾಯಿ ಮುಚ್ಚಿಕೊಂಡು ನಕ್ಕಳು.

"ಯಾರಿಂದ ಬಂತು?" ಎಂದರೆ ಎಲ್ಲರದೂ ಒಂದೇ ಉತ್ತರ: ಅತ್ತೆಯಿಂದ. ನೇತ್ರಾ ಬರೆದುಕೊಳ್ಳುತ್ತಿದ್ದಳು. ನಾನು ಆ ಹೆಂಗಸರ ಮುಖ ನೋಡುತ್ತಿದ್ದೆ. ಎಷ್ಟು ಜನ ನನ್ನ ಹಾಗೆಯೇ ಗಡಿಗೆ ತೊಳೆದಿದ್ದಾರೋ ಯಾರಿಗೆ ಗೊತ್ತು. ಸತ್ತ ಅತ್ತೆಯರು ಎದ್ದು ಬಂದು ಇಲ್ಲ ಅನ್ನುವುದಿಲ್ಲ.

ಮೂವತ್ತೊಂದನೆಯ ಮನೆ ನ್ಯಾಮತಿಯಲ್ಲಿತ್ತು. ಅಂಗನವಾಡಿ ಟೀಚರ್ ರತ್ನಮ್ಮ ಎಂಬುವರ ಮನೆಯಲ್ಲಿ ಹಳೇ ಹುಳಿ ಇದೆ ಎಂದು ಯಾರೋ ಹೇಳಿದ್ದರು. ಐವತ್ತೈದು ದಾಟಿದ, ಕನ್ನಡಕ ಹಾಕಿದ ಹೆಂಗಸು ಬಾಗಿಲು ತೆಗೆದಳು. ಒಳಗೆ ಗೋಡೆಯ ಮೇಲೆ ಬುದ್ಧನ ಚಿತ್ರ. ಅದರ ಪಕ್ಕದಲ್ಲಿ ಹಾರ ಹಾಕಿದ ಒಂದು ಫೋಟೋ.

ಫೋಟೋದಲ್ಲಿ ದುರುಗಮ್ಮ. ಮುದುಕಿಯಾಗಿದ್ದಳು, ಆದರೂ ಅವಳೇ.

ನೇತ್ರಾ ಫಾರಂ ತೆಗೆದು, "ಈ ಹುಳಿ ಯಾರಿಂದ ಬಂತು ಮೇಡಂ?" ಎಂದಳು.

"ನಮ್ಮವ್ವಂದು. ಮದುವೆಯಾಗಿ ಬರೋವಾಗ ತಂಬಿಗೇಲಿ ತಂದೆ."

"ಅಜ್ಜಿ, ಅವ್ವ ಅಂದೋರು ಇವರೊಬ್ಬರೇ ನೋಡು! ನಿಮ್ಮವ್ವನ ಊರು ಯಾವ್ದು ಮೇಡಂ?"

"ಸೊಕ್ಕೆ. ಜಗಳೂರು ತಾಲ್ಲೂಕು."

"ಅಯ್ಯೋ, ನಮ್ಮಜ್ಜಿದೂ ಸೊಕ್ಕೆನೇ!"

ರತ್ನಮ್ಮ ಕನ್ನಡಕ ಮೇಲೆ ಸರಿಸಿ ನನ್ನನ್ನು ನೋಡಿದಳು. ಯಾರ ಮನೆಯವರು ಎಂದು ಕೇಳಲಿಲ್ಲ. ಬೇಕಿರಲಿಲ್ಲ.

ಅವಳಿಗೆ ಆರು ವರ್ಷವಾಗಿದ್ದಾಗ ದುರುಗಮ್ಮ ಅವಳನ್ನು ನಮ್ಮ ಅಂಗಳಕ್ಕೆ ಕರೆತಂದಿದ್ದಳು. ನಮ್ಮತ್ತೆ ಇಬ್ಬರನ್ನೂ ದೂರ ಕೂರಿಸಿ, ಮೇಲಿನಿಂದ ಅಂಬಲಿ ಹೊಯ್ದಳು. ಹುಡುಗಿ ಕುಡಿದು ತುಟಿ ಸವರಿಕೊಂಡು, ಗಟ್ಟಿಯಾಗಿ, "ಅವ್ವ, ಇದು ನಮ್ಮನೇದೇ ಐತಲ್ಲೇ!" ಎಂದಿತು. ಅತ್ತೆ ತಿರುಗಿ, "ಏನಂತೆ ಅದು?" ಎಂದಳು. ಹುಡುಗಿಯನ್ನು ಕೈಯಿಂದ ಹೊಡೆದರೆ ಮುಟ್ಟಿದಂತಾಗುತ್ತದೆ, ಸ್ನಾನ ಮಾಡಬೇಕಾಗುತ್ತದೆ. ಕೋಳಿ ಓಡಿಸುವ ಕೋಲು ತಗೊಂಡು ಮೊಣಕೈ ಮೇಲೆ ಬಾರಿಸಿದೆ. "ನಿಮ್ಮನೇದೂ ನಮ್ಮನೇದೂ ಒಂದೇ ಏನೇ?" ಎಂದು ಅತ್ತೆಗೆ ಕೇಳುವಂತೆ ಕೂಗಿದೆ. ಅಂಬಲಿ ಚೆಲ್ಲಿ ಹೋಯಿತು. ದುರುಗಮ್ಮ ನನ್ನ ಮುಖ ನೋಡಿದಳು, ಮಗಳನ್ನು ಎತ್ತಿಕೊಂಡು ಹೋದಳು. ಮತ್ತೆ ನಮ್ಮ ಅಂಗಳಕ್ಕೆ ಬರಲಿಲ್ಲ. ನಾನೂ ಕರೆಯಲಿಲ್ಲ.

"ನೀರು ಕುಡೀತೀರೇನ್ರಿ?" ಎಂದು ರತ್ನಮ್ಮ ಕೇಳಿದಳು.

"ಬ್ಯಾಡ, ಬಾಯಾರಿಕೆ ಇಲ್ಲ" ಎಂದೆ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ನೀರು ಕುಡಿಯಲು ಕೂತರೆ ಮಾತು ಶುರುವಾಗುತ್ತದೆಂಬ ಭಯ. ಆದರೆ ಅವಳಿಗೆ ಹಾಗೆ ಕಾಣಲಿಲ್ಲ. ಅವಳಿಗೆ ಹೇಗೆ ಕಾಣಬೇಕೋ ಹಾಗೆಯೇ ಕಂಡಿತು: ಅವರ ಮನೆಯ ನೀರು ಮುಟ್ಟದವಳು. ನೇತ್ರಾ ಎರಡು ಲೋಟ ಗಟಗಟ ಕುಡಿದಳು. ರತ್ನಮ್ಮ ಖಾಲಿ ಲೋಟ ತೆಗೆದುಕೊಂಡು, "ನಿಮ್ಮಜ್ಜಿಗೆ ಸೆಖೆ ತಡಿಯೋ ಶಕ್ತಿ ಚೆನ್ನಾಗೈತಮ್ಮ. ಅವರನ್ನೂ ಒಂದು ಕೊಳವೇಲಿ ಹಾಕ್ಕೊಂಡು ಹೋಗು" ಎಂದಳು. ನೇತ್ರಾ ತಮಾಷೆಯೆಂದು ನಕ್ಕಳು.

ಮಳೆಗಾಲ ಬಂತು. ಹೊಲಗಳಲ್ಲಿ ಮೆಕ್ಕೆಜೋಳ ಮೊಣಕಾಲೆತ್ತರ ಇದ್ದಾಗ ಮೈಸೂರಿನಿಂದ ಫೋನು ಬಂತು.

"ಅಜ್ಜಿ, ಒಂದು ಮಾತು ನೆನಪು ಮಾಡ್ಕೊಂಡು ಹೇಳು. ಸೊಕ್ಕೇಲಿ ನಮ್ಮ ಮನೆಗೂ ಆ ನ್ಯಾಮತಿ ರತ್ನಮ್ಮನ ಅವ್ವನ ಮನೆಗೂ ಹುಳಿ ಕೊಡೋದು ತಗೊಳ್ಳೋದು ಇತ್ತಾ?"

"ಹುಚ್ಚು ಹಿಡಿದೈತಾ? ಆಗಿನ ಕಾಲದಾಗೆ ಹೊರಕೇರಿಯಿಂದ ಊರೊಳಗೆ ಹುಳಿ ಬರ್ತಿತ್ತಾ?"

"ಅದೇ, ನಾನೂ ಹಂಗೇ ಅಂದ್ಕೊಂಡೆ" ಎಂದು ಫೋನಿಟ್ಟಳು.

ಇದು ಎರಡನೇ ಸುಳ್ಳು. ಮೊದಲನೆಯದು ರೂಢಿಯಿಂದ ಬಂದದ್ದು. ಇದನ್ನು ತಿಳಿದೇ ಹೇಳಿದೆ.

ಒಂದು ವಾರದಲ್ಲಿ ಅವಳೇ ಮನೆಗೆ ಬಂದಳು. ಮುಖ ಹಪ್ಪಳದಂತೆ ಆಗಿತ್ತು. ಊಟ ಬೇಡ ಅಂದಳು. ಎರಡು ಸಲ ಕೇಳಿದ ಮೇಲೆ ಹೇಳಿದಳು. ಪ್ರತಿಯೊಂದು ಯೀಸ್ಟಿನ ಮೈಯೊಳಗೆ ಕೋಟಿಗೂ ಮೀರಿದ ಅಕ್ಷರಗಳ ಒಂದು ಬರಹ ಇರುತ್ತದೆ. ಹೆರುವಾಗ ತಾಯಿ ಅದನ್ನು ನಕಲು ಮಾಡಿ ಮಗಳಿಗೆ ಕೊಡುತ್ತದೆ. ನಕಲು ಮಾಡುವಾಗ ಯಾವಾಗಲೋ ಒಂದು ಅಕ್ಷರ ತಪ್ಪುತ್ತದೆ. ಬೇರೆ ಬೇರೆ ಮನೆಯ ಹುಳಿಯಲ್ಲಿ ಸಾವಿರ ಸಾವಿರ ಅಕ್ಷರ ಬೇರೆ ಇರಬೇಕು. ಸೊಕ್ಕೆಯಲ್ಲೇ ತೆಗೆದ ಐದು ಮನೆಯ ಹುಳಿಯಲ್ಲೂ ಹಾಗೆಯೇ ಇತ್ತು. ಆದರೆ ಒಂದನೇ ನಂಬರು ಮತ್ತು ಮೂವತ್ತೊಂದನೇ ನಂಬರು ಮಾತ್ರ ಹೆಚ್ಚುಕಡಿಮೆ ಒಂದೇ.

"ಒಂದೇ ಆದ್ರೆ ಏನಾತು?" ಎಂದೆ.

"ನಾನು ಕೊಳವೆ ಕಲಬೆರಕೆ ಮಾಡೀನಿ ಅಂತ ಅರ್ಥ ಅಜ್ಜಿ. ಒಂದು ಕಲೆತ್ರೆ ಉಳಿದ ಮೂವತ್ತೆಂಟನ್ನ ಯಾರು ನಂಬ್ತಾರೆ? ಎಲ್ಲಾ ಬೇಯಿಸಿ ಚೆಲ್ಲಿಬಿಡು ಅಂದ್ರು ಮೇಡಂ." ಮೇಡಂ ಅಂದರೆ ಅವಳ ಗೈಡು. "ಅವತ್ತು ನ್ಯಾಮತಿ ಬಸ್ಸಿನಾಗೆ ಡಬ್ಬದ ಮುಚ್ಚಳ ತೆಗೆದಿದ್ದೆ, ನೆನಪೈತಾ? ಅಲ್ಲೇ ಆಗಿರಬೇಕು. ಇಷ್ಟು ವರ್ಷ ಮಾಡಿ ಮುಚ್ಚಳ ಹಾಕಾಕೆ ಬರ್ಲಿಲ್ಲ ನನಗೆ. ಈ ಕೆಲಸಕ್ಕೆ ನಾನು ಆಗಿಬರಲ್ಲ. ಬಿಟ್ಟುಬಿಡ್ತೀನಿ."

ನನಗೆ ಅಲ್ಲೇ ಬಾಯಿ ತೆಗೆಯಬಹುದಿತ್ತು. ತೆಗೆಯಲಿಲ್ಲ. ಮೂರು ದಿನ ಸುಮ್ಮನಿದ್ದೆ. ಹುಡುಗಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು, ಅವು ಬೇರೆ ಯಾರದೋ ಎನ್ನುವ ಹಾಗೆ. ನಾನು ಅವಳ ಎದುರಿಗೇ ಸೌಟು ಹಾಕಿ ಅಂಬಲಿ ತಿರುವುತ್ತಿದ್ದೆ. ಈ ಮೂರು ದಿನ ಬರೆಯದೆ ಬಿಟ್ಟರೆ ಉಳಿದದ್ದನ್ನು ಬರೆದು ಉಪಯೋಗವಿಲ್ಲ, ಅದಕ್ಕೇ ಬರೆದಿದ್ದೇನೆ. ದುರುಗಮ್ಮನ ಋಣ ನೆನಪಾಗಲಿಲ್ಲ. ಓಣಿಯವರು ಏನನ್ನುತ್ತಾರೆ, ಸೊಸೆಯ ತವರಿನವರು ಏನನ್ನುತ್ತಾರೆ, ಇದೇ ತಲೆಯಲ್ಲಿ ಓಡಿತು.

ನಾಲ್ಕನೇ ದಿನ ಮಧ್ಯಾಹ್ನ ಬಸವರಾಜ ಊಟಕ್ಕೆ ಕೂತಿದ್ದ. ಮೆಕ್ಕೆಜೋಳದ ಮಂಡಿಯಲ್ಲಿ ತೂಕದ ಕೆಲಸ ಅವನದು, ಮಧ್ಯಾಹ್ನ ಮನೆಗೆ ಬರುತ್ತಾನೆ. ಅಂಬಲಿಗೆ ಈರುಳ್ಳಿ ಕಚ್ಚಿಕೊಂಡು ಕುಡಿಯುತ್ತಿದ್ದ. ನೇತ್ರಾ ಫೋನು ಕೈಗೆತ್ತಿಕೊಂಡಳು.

"ಲ್ಯಾಬಿಗೆ ಹೇಳ್ತೀನಪ್ಪ. ನಾನು ಹೋಗೋದೇನು ಬ್ಯಾಡ, ಅವರೇ ಬೇಯಿಸಿ ಹಾಕ್ಲಿ ನಲವತ್ತೂ."

"ಫೋನ್ ಇಡು," ಎಂದೆ. "ನಿನ್ನ ಮುಚ್ಚಳ ಸರಿಯಾಗೇ ಐತೆ. ಒಂದೂ ಮೂ‌ವತ್ತೊಂದೂ ಒಂದೇ ಮನೇವು. ನಮ್ಮ ಗಡಿಗೆ ಹುಳಿ ದುರುಗಮ್ಮಂದು."

ನಿಂತೇ ಎಲ್ಲವನ್ನೂ ಹೇಳಿದೆ. ತೊಳೆದ ಗಡಿಗೆ, ಬೇಲಿ, ಕೋಲು. ಹೇಳುವಾಗ ಬಸವರಾಜನ ಕೈಯಲ್ಲಿದ್ದ ಲೋಟ ಬಾಯಿಗೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ.

"ಅವ್ವ, ಅಪ್ಪ ಸತ್ತೋದ್ರು, ಅಜ್ಜಿ ಸತ್ತೋದ್ಲು. ಈಗ್ಯಾಕೆ ಹೇಳಾಕೆ ಬಂದೆ? ಹಂಗಾದ್ರೆ ನಾನು ಹುಟ್ಟಿದಾಗಿನಿಂದ ಉಂಡಿದ್ದು…"

"ಉಂಡು ಗಟ್ಟಿಮುಟ್ಟಾಗೇ ಇದೀಯಲ್ಲ, ಏನಾಗೈತೆ ನಿನಗೆ? ಕುಡಿ."

ಅವನು ಲೋಟ ಕೆಳಗಿಟ್ಟು ಕೈ ತೊಳೆದುಕೊಂಡು ಎದ್ದ.

ನೇತ್ರಾ ನನ್ನನ್ನು ಅಪ್ಪಿಕೊಳ್ಳುತ್ತಾಳೆ ಎಂದು ನಾನೇನೂ ಅಂದುಕೊಂಡಿರಲಿಲ್ಲ. ಅವಳು ಅಪ್ಪಿಕೊಳ್ಳಲೂ ಇಲ್ಲ. "ಫೋನಿನಾಗೆ ಕೇಳಿದ್ನಲ್ಲ ಅಜ್ಜಿ," ಎಂದಳು. "ನೇರವಾಗಿ ಕೇಳಿದ್ದೆ."

"ಕೇಳಿದ್ದೆ. ಸುಳ್ಳು ಹೇಳಿದೆ."

"ಮೂರು ದಿನ ನೋಡ್ಕೊಂತ ಕೂತಿದ್ದೆ ನೀನು."

"ಹೂಂ."

ಅವಳು ಹಿತ್ತಲಿಗೆ ಹೋಗಿ ಬಹಳ ಹೊತ್ತು ನಿಂತಳು. ಬಂದವಳು ಅಳುತ್ತಿರಲಿಲ್ಲ, ಕಾಗದ, ಪೆನ್ನು ಹಿಡಿದಿದ್ದಳು. "ಎಷ್ಟು ವರ್ಷ ಆತು ಆ ಗಡಿಗೆ ತೊಳೆದು? ಸರಿಯಾಗಿ ಹೇಳು." ಕೊಳವೆ ಕಲಬೆರಕೆಯಾಗಿದ್ದರೆ ಎರಡರ ಬರಹ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಆದರೆ ಕೆಲವು ಅಕ್ಷರ ಬೇರೆ ಇದ್ದವು; ಮಿಷನ್ನು ತಪ್ಪು ಓದಿದೆ ಎಂದು ಮೇಡಂ ಅವನ್ನು ತಳ್ಳಿಹಾಕಿದ್ದರು. ಮಿಷನ್ನಿನ ತಪ್ಪಲ್ಲದಿದ್ದರೆ ಅವು ಎರಡು ಗಡಿಗೆ ಬೇರೆಯಾದ ಮೇಲೆ ಆ ಕಡೆ ಈ ಕಡೆ ಆದ ನಕಲಿನ ತಪ್ಪುಗಳು. ಒಂದು ತಾಯಿಯ ಎರಡು ಸಂಸಾರ. ಇದನ್ನು ತೋರಿಸಲು ಎರಡೂ ಗಡಿಗೆಯಿಂದ ಹೊಸದಾಗಿ ಹುಳಿ ತೆಗೆಯಬೇಕು, ಅದೂ ಮೇಡಂ ಕಣ್ಣೆದುರಿಗೇ.

ಮೇಡಂ ಬಂದರು. ತಲೆ ಪೂರ್ತಿ ನರೆತ, ಕಡಿಮೆ ಮಾತಿನ ಹೆಂಗಸು. ನಮ್ಮ ಗಡಿಗೆಯಿಂದ ತಾವೇ ತೆಗೆದು ಕೊಳವೆಗೆ ಮೊಹರು ಹಾಕಿದರು. ಅಲ್ಲಿಂದ ಮೂವರೂ ನ್ಯಾಮತಿಗೆ ಹೋದೆವು.

ಈ ಸಲ ನಾನು ರತ್ನಮ್ಮನ ಬಾಗಿಲಲ್ಲೇ, "ನೀರು ಕೊಡವ್ವ, ಬಾಯಾರೈತೆ" ಎಂದೆ.

"ಅವತ್ತು ಇರ್ಲಿಲ್ಲ ಅಂದ್ರಿ?"

"ಇತ್ತು."

"ಗೊತ್ತು ಬಿಡ್ರಿ." ನೀರು ತಂದು ಕೊಟ್ಟಳು. ನಾನು ಕುಡಿಯುವುದನ್ನು ನಿಂತು ನೋಡಿದಳು, ಮಕ್ಕಳಿಗೆ ಔಷಧಿ ಕುಡಿಸುವಾಗ ಟೀಚರು ನೋಡುವ ಹಾಗೆ.

ಹೇಳಬೇಕಾದದ್ದನ್ನು ಹೇಳಿದೆ. ತಪ್ಪಾಯಿತು ಎಂದೂ ಹೇಳಿದೆ. ಅವಳು ಆಯಿತು ಎನ್ನಲಿಲ್ಲ. ಮೊಣಕೈ ಸವರಿಕೊಂಡಳೋ, ಬಳೆ ಸರಿಮಾಡಿಕೊಂಡಳೋ.

"ಅದು ನಮ್ಮ ಹುಳಿ ಅಂತ ನನಗೆ ಅವತ್ತೇ ಗೊತ್ತಿತ್ರಿ," ಎಂದಳು. "ಮನೆಗೆ ಹೋಗಿ ಅಳ್ತಾ ಕೂತಿದ್ದೆ. ಆಗ ಅವ್ವ ಹೇಳಿದ್ಲು: ನೀನು ಹೇಳಿದ್ದು ಖರೇನೇ, ಆದ್ರೆ ಇನ್ನೊಂದ್ಸಲ ಬಾಯಿ ಬಿಡಬ್ಯಾಡ, ಆಯಮ್ಮನ ಸಂಸಾರ ಮುರೀತೈತೆ ಅಂತ. ಸಾಯೋ ಗಂಟ ಯಾರಿಗೂ ಹೇಳ್ಲಿಲ್ಲ ಅವಳು. ನಾನೂ ಹೇಳ್ಲಿಲ್ಲ. ಈ ಹುಡುಗಿ ಮುಂದೆ ಅವತ್ತೇ ಹೇಳಬೌದಿತ್ತು. ನೀವು ಹೇಳ್ತೀರೇನೋ ಅಂತ ನೋಡ್ದೆ."

ಗೋಡೆಯ ಮೇಲಿನ ದುರುಗಮ್ಮನ ಕಡೆ ನೋಡಲು ನನಗೆ ಆಗಲಿಲ್ಲ. ನೇತ್ರಾ ಒಂದನೇ ನಂಬರಿನ ಫಾರಂ ತೆಗೆದು ತಿದ್ದಲು ಹೋದಳು. ರತ್ನಮ್ಮ ತಡೆದಳು. "ನೀನಲ್ಲಮ್ಮ. ಅವರು ಬರೀಲಿ."

'ಅತ್ತೆ' ಎಂದಿದ್ದಲ್ಲಿ ಗೀಟು ಹೊಡೆದು, 'ದುರುಗಮ್ಮ, ಸೊಕ್ಕೆ' ಎಂದು ಬರೆದೆ. ಅಕ್ಷರ ಸೊಟ್ಟಗೆ ಬಿದ್ದವು. ರತ್ನಮ್ಮ ಕನ್ನಡಕ ಹಾಕಿಕೊಂಡು ಓದಿ, "ಒತ್ತು ಬಿಟ್ಟೀರಿ" ಎಂದಳು. ಒತ್ತಕ್ಷರ ಸೇರಿಸಿದೆ.

ಹೊಸ ಕೊಳವೆಗಳೂ ಅದನ್ನೇ ಹೇಳಿದವು. ಒಂದೇ ತಾಯಿ, ನಡುವೆ ಬಹಳ ವರ್ಷಗಳ ನಕಲಿನ ತಪ್ಪುಗಳು. ನಲವತ್ತೂ ಕೊಳವೆ ಉಳಿದವು. ಮೇಡಂ ಎಲ್ಲರೆದುರಿಗೆ ನೇತ್ರಾಳಿಗೆ, ನಾನು ತಪ್ಪು ತಿಳಿದೆ ಎಂದರಂತೆ. ಅವಳಿಗೆ ಪದವಿ ಬಂತು. ಈಗಲೂ ಯೀಸ್ಟಿನ ಹಿಂದೆಯೇ ಇದ್ದಾಳೆ. ಫೋನು ಮಾಡುತ್ತಾಳೆ, ಮಾತಾಡುತ್ತಾಳೆ. ಆದರೆ ನಾನು ಏನಾದರೂ ಹೇಳಿದರೆ, "ನಿಜಾನಾ ಅಜ್ಜಿ?" ಎಂದು ಒಂದು ಸಲ ಕೇಳುತ್ತಾಳೆ. ಮೊದಲು ಕೇಳುತ್ತಿರಲಿಲ್ಲ. ಅದು ಉಳಿದ ಕಲೆ.

ಬಸವರಾಜ ಆ ಮಧ್ಯಾಹ್ನದ ನಂತರ ಅಂಬಲಿ ಕುಡಿಯಲಿಲ್ಲ. ಅಸಿಡಿಟಿ ಅಂದ. ಸೊಸೆಯೂ ಬಿಟ್ಟಳು. ನಾನೊಬ್ಬಳೇ ಒಂದು ಲೋಟದಷ್ಟು ಹಿಟ್ಟು ಕದಡಿಕೊಂಡು ಆ ಗಡಿಗೆಯನ್ನು ಮೊನ್ನೆ ಮೊನ್ನೆವರೆಗೂ ನಡೆಸಿಕೊಂಡು ಬಂದೆ. ಹೋದ ತಿಂಗಳು ಕಣ್ಣಿನ ಪೊರೆ ತೆಗೆಸಲು ದಾವಣಗೆರೆಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದೆ. ಹೊಸ ಕಣ್ಣಿಗೆ ಹಿತ್ತಲಲ್ಲಿ ಮೊದಲು ಕಂಡದ್ದು, ಬಿಸಿಲಿಗೆ ಬೋರಲು ಹಾಕಿದ ಗಡಿಗೆ. ಥಳಥಳ ತೊಳೆದಿತ್ತು.

"ವಾಸನೆ ಬರ್ತಿತ್ತು ಅತ್ತೆ, ತೊಳೆದಿಟ್ಟೆ" ಎಂದಳು ಸೊಸೆ. ತಿಳಿಯದೆ ತೊಳೆದಳೋ, ತಿಳಿದೇ ತೊಳೆದಳೋ, ನಾನು ಕೇಳಲಿಲ್ಲ. ಕೇಳಲು ನನಗೆ ಯಾವ ಮುಖ?

ಇವತ್ತು ಬೆಳಗ್ಗೆ ಖಾಲಿ ತಂಬಿಗೆ ಹಿಡಿದು ನ್ಯಾಮತಿಗೆ ಹೋದೆ. ರತ್ನಮ್ಮ ಬಾಗಿಲಿಗೆ ಅಡ್ಡ ನಿಂತು ತಂಬಿಗೆ ನೋಡಿದಳು, ನನ್ನನ್ನು ನೋಡಿದಳು. ಅವಳ ಬಾಯಿಯ ತುದಿಯಲ್ಲಿ ನಗುವಿನಂಥದ್ದು ಇತ್ತು, ಪೂರ್ತಿ ನಗುವಲ್ಲ.

"ನಿಮ್ಮನೇದೂ ನಮ್ಮನೇದೂ ಒಂದೇ ಏನ್ರಿ?" ಎಂದಳು.

"ಒಂದೇ. ನಮ್ದು ಹೋತು, ನಿಮ್ದು ಕೊಡು."

ಒಳಗೆ ಹೋಗಿ ತುಂಬಿಕೊಂಡು ಬಂದಳು. ಕೊಡುವ ಮೊದಲು ತಂಬಿಗೆಯನ್ನು ಸ್ವಲ್ಪ ಹಿಂದಕ್ಕೆ ಹಿಡಿದು, "ಈ ಸಲ ಯಾರಾರ ಕೇಳಿದ್ರೆ ಯಾರಿಂದ ಬಂತು ಅಂತೀರಿ?" ಎಂದಳು. ನಾನು ಬಾಯಿ ತೆಗೆಯುವಷ್ಟರಲ್ಲಿ, "ನನಗೆ ಹೇಳಬ್ಯಾಡ್ರಿ, ನನಗೆ ಗೊತ್ತೈತೆ. ಕೇಳಿದೋರಿಗೆ ಹೇಳ್ರಿ" ಎಂದು ಕೈಗೆ ಕೊಟ್ಟು, ಅಂಗನವಾಡಿಗೆ ಹೊತ್ತಾಯಿತೆಂದು ಹೊರಟಳು.

ದಾವಣಗೆರೆ ಹತ್ತಿರ ಬಂದಾಗ ಪಕ್ಕದ ಹೆಂಗಸಿಗೆ ಮೂಗು ರೂಢಿಯಾಯಿತೋ ಏನೋ, ಸೆರಗು ತೆಗೆದು ಮತ್ತೆ ನನ್ನ ಕಡೆ ತಿರುಗಿದಳು.

"ಇಷ್ಟು ಜೋಪಾನ ಮಾಡ್ತಿದೀರಲ್ಲಜ್ಜಿ, ಯಾರ ಮನೇದು ಅದು?"

"ನ್ಯಾಮತಿ ರತ್ನಮ್ಮನ ಮನೇದು. ಅವರವ್ವ ಸೊಕ್ಕೆ ದುರುಗಮ್ಮಂದು."

"ನಿಮಗೆ ಬೀಗರೇನು?"

"ಅಲ್ಲ."

"ಮತ್ತೆ ಯಾವ ಜನ ಅವ್ರು?"

ಹೇಳಿದೆ.

ಅವಳು ತಂಬಿಗೆ ನೋಡಿದಳು, ನನ್ನ ಒದ್ದೆ ಸೀರೆ ನೋಡಿದಳು, ಸೀಟಿನ ಆ ತುದಿಗೆ ಸರಿದು ಕೂತಳು. ನನಗೆ ಜಾಗವಾಯಿತು. ತಂಬಿಗೆಯನ್ನು ಮಡಿಲಿನಿಂದ ತೆಗೆದು ನಮ್ಮಿಬ್ಬರ ನಡುವೆ ಸೀಟಿನ ಮೇಲೆ ಇಟ್ಟೆ, ಉಸಿರಾಡಲಿ ಎಂದು ಬಾಯಿಗೆ ಕಟ್ಟಿದ್ದ ಬಟ್ಟೆಯನ್ನೂ ಬಿಚ್ಚಿದೆ.